ಕಾಂತಕ್ಕ ಬಡಿಸದ ಎಲೆ

ಸಂಜೆ ಏಳೂವರೆಯಿಂದ ಎಂಟರವರೆಗೆ ವೇಣೂರಿನ ಕಾಂತಕ್ಕನ ಮನೆಗೆ ಯಾರೂ ಕಾಲಿಡಬಾರದು. ಇಟ್ಟರೆ ಬೈಗುಳ ತಿಂದೇ ಹೋಗಬೇಕು. ಆ ಹೊತ್ತಿಗೆ ಟೀವಿಯಲ್ಲಿ 'ಸೆರೆ ಬಿಟ್ಟು ಬಂದವರು' ಎಂಬ ಧಾರಾವಾಹಿ ಬರುತ್ತದೆ. ಎಪ್ಪತ್ತೊಂದರ ಯುದ್ಧದಲ್ಲಿ ಆಚೆಯವರ ಕೈಗೆ ಸಿಕ್ಕಿ, ಸೆರೆಯಲ್ಲಿ ಕೊಳೆತು, ಕೊನೆಗೆ ಊರು ಸೇರಿದ ಸೈನಿಕರ ಕಥೆ. ಕಾಂತಕ್ಕ ಅದನ್ನು ನೋಡುತ್ತಾಳೆ ಎನ್ನುವುದಕ್ಕಿಂತ ಅದಕ್ಕೆ ಬೈಯುತ್ತಾಳೆ ಎನ್ನುವುದು ಸರಿ. ಊರಿನ ಹಾಲಿನ ಸೊಸೈಟಿಗೆ ಬಹಳ ಕಾಲ ಅಧ್ಯಕ್ಷೆಯಾಗಿದ್ದವಳು. ಹಾಲಿಗೆ ನೀರು ಸೇರಿಸಿದವರನ್ನು ಸಭೆಯಲ್ಲೇ ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದಳು. ಅಧಿಕಾರ ಬಿಟ್ಟ ಮೇಲೆ ಬೈಯಲಿಕ್ಕೆ ಅವಳಿಗೆ ಸಿಕ್ಕಿದ್ದು ಈ ಧಾರಾವಾಹಿ ಒಂದೇ.

"ಇವನ ಗಡ್ಡ ನೋಡಿ. ಸೆರೆಮನೆಯಲ್ಲಿ ಇಷ್ಟು ಚಂದ ಗಡ್ಡ ಕತ್ತರಿಸ್ಲಿಕ್ಕೆ ಯಾರು ಸಿಕ್ಕಿದ್ದಂತೆ ಇವನಿಗೆ?"

ಈ ಪ್ರಶ್ನೆ ಗಂಡ ಸುಬ್ಬಯ್ಯ ಶೆಟ್ಟರಿಗೆ. ಶೆಟ್ಟರು ಟೀವಿಯ ಎದುರು ಕೂರುವುದಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಬೆನ್ನು ಟೀವಿಗೆ ಕೊಟ್ಟು, ಕಿವಿಯನ್ನು ಮಾತ್ರ ಒಳಗಿಟ್ಟು ಕೂರುತ್ತಾರೆ. ಯಾಕೆಂದರೆ ಆ ಯುದ್ಧಕ್ಕೆ ಹೋದವರಲ್ಲಿ ಅವರೂ ಒಬ್ಬರು, ಆಚೆಯವರ ಕೈಗೆ ಸಿಕ್ಕಿದವರಲ್ಲೂ ಒಬ್ಬರು.

"ಕಂಬಳಿ ದಪ್ಪ ಆಯ್ತು," ಎಂದರು ಒಂದು ದಿನ.

"ನೀವು ನೋಡ್ಲೇ ಇಲ್ಲ, ದಪ್ಪ ಅಂತ ಹೇಗೆ ಗೊತ್ತು?"

"ಅವ ಕೊಡವಿದ ಶಬ್ದ ಕೇಳ್ತಲ್ಲ. ನಮ್ಮದಕ್ಕೆ ಶಬ್ದ ಬರ್ತಿರ್ಲಿಲ್ಲ."

ಅಷ್ಟೇ. ಐವತ್ತು ವರ್ಷಗಳಲ್ಲಿ ಆ ಸೆರೆಯ ಬಗ್ಗೆ ಸುಬ್ಬಯ್ಯ ಶೆಟ್ಟರ ಬಾಯಿಂದ ಉದುರಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಧಾರಾವಾಹಿಯ ಒಂದು ಕಂತಿಗೆ ಸಾಲದು. ಆದರೆ ಅವರು ಮರಳಿ ಬಂದ ದಿನದ ಕಥೆ ಬೇಕೆಂದರೆ ಕಾಂತಕ್ಕನನ್ನು ಕೇಳಬೇಕು. ಸೊಸೈಟಿಯಲ್ಲಿ ಹಾಲು ಹಾಕಲು ಬಂದವರು, ಬಸ್ಸಿಗೆ ಕಾದವರು, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಯಾರನ್ನೂ ಅವಳು ಬಿಟ್ಟವಳಲ್ಲ. ಅವಳ ಬದುಕಿನಲ್ಲಿ ಅವಳಿಗೆ ಹೆಮ್ಮೆ ಎನಿಸಿದ್ದು ಆ ಒಂದು ವಿಷಯ. ಉಳಿದದ್ದೆಲ್ಲ, ಅಧ್ಯಕ್ಷಗಿರಿಯೂ ಸೇರಿ, ಆಮೇಲಿನದು.

ಒಂದು ಭಾನುವಾರ ಬೆಳಿಗ್ಗೆ ಸಿದ್ಧಕಟ್ಟೆಯಿಂದ ಶಿಶಿರ್ ಕಾರಿನಲ್ಲಿ ಬಂದ. ಶಿಶಿರ್ ಎಂದರೆ ಶೆಟ್ಟರ ತೀರಿಹೋದ ತಂಗಿಯ ಮಗ. ಮಂಗಳೂರಿನಲ್ಲೂ ದುಬೈಯಲ್ಲೂ ಹೋಟೆಲು ಇಟ್ಟವನು. ಸಿದ್ಧಕಟ್ಟೆಯ ಕುಟುಂಬದ ಮನೆಯನ್ನು ಚಂದ ಮಾಡಿಸಿ, ಕಂಬಗಳಿಗೆ ಪಾಲಿಶು ಹೊಡೆಸಿ, ಮದುವೆಯಾಗುವ ಹುಡುಗ ಹುಡುಗಿಯರ ಫೋಟೋ ಶೂಟಿಂಗಿಗೆ ಬಾಡಿಗೆಗೆ ಕೊಡುತ್ತಿದ್ದ. ಹುಡುಗ ಒಳ್ಳೆಯವನೇ, ಅದನ್ನು ಕಾಂತಕ್ಕನೂ ಒಪ್ಪುತ್ತಾಳೆ. ಹಬ್ಬಕ್ಕೆ ಮಾವನಿಗೆ ಪಂಚೆ, ಅತ್ತೆಗೆ ಸೀರೆ ತಪ್ಪಿಸಿದವನಲ್ಲ. ಆದರೆ ಕಾಂತಕ್ಕ ಒಮ್ಮೆಯೂ ಆ ಮನೆಯ ಹೊಸ್ತಿಲು ತುಳಿದವಳಲ್ಲ, ಶೆಟ್ಟರೂ ಸೆರೆಯಿಂದ ಬಂದ ಮೇಲೆ ತುಳಿದವರಲ್ಲ. ಅಂಗಳದವರೆಗೆ ಹೋಗಿದ್ದಾರೆ, ಅಮ್ಮ ಸತ್ತಾಗ, ತಂಗಿ ಸತ್ತಾಗ. ಮೆಟ್ಟಿಲು ಹತ್ತಲಿಲ್ಲ.

ಶಿಶಿರನ ಜೊತೆ ತರುಣ್ ಎಂಬ ಬೆಂಗಳೂರಿನ ನಿರ್ದೇಶಕ ಇದ್ದ. ಆ ಧಾರಾವಾಹಿ ಮಾಡುವವನೇ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ಮೊಮ್ಮಗಳು ಸಾತ್ವಿಕಾ ಅಂದು ಮನೆಯಲ್ಲೇ ಇದ್ದಳು. ಅವಳು ಎಲ್ಲರಿಗೂ ಕಾಫಿ ತಂದಿಟ್ಟಳು.

"ಅಮ್ಮಾ, ನಿಮ್ಮ ಯಜಮಾನ್ರ ಕಥೇನ ಶಿಶಿರ್ ಸರ್ ಹೇಳಿದ್ರು. ನಮ್ಮ ಸೀರಿಯಲ್‌ಗೆ ಕರಾವಳಿಯ ಒಬ್ಬ ಸೈನಿಕ ಬೇಕಾಗಿತ್ತು. ಒಂದು ವಾರ ಪೂರ್ತಿ ಸರ್ ಕಥೆನೇ ತೋರಿಸ್ತೀವಿ. ಶೂಟಿಂಗ್ ಸಿದ್ಧಕಟ್ಟೆ ಮನೇಲೇ," ಎಂದ ತರುಣ್.

ಕಾಂತಕ್ಕನ ಮುಖ ಅರಳಿತು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಅವಳಿಗೆ ಊರಿಡೀ ಹೋಗಿ ಹೇಳಿ ಬರುವಷ್ಟು ಖುಷಿಯಾಯಿತು. ಸೆರಗು ಸರಿ ಮಾಡಿಕೊಂಡು ಕೂತಳು.

"ಬಂದ ದಿನದ್ದು ಹೇಗೆ ತೋರಿಸ್ತೀರಿ?"

ತರುಣ್ ಕೈ ಎತ್ತಿ ಚೌಕಟ್ಟು ಮಾಡಿ ತೋರಿಸುತ್ತ ಹೇಳಿದ. ಸೈನಿಕ ಅಂಗಳಕ್ಕೆ ಬರುತ್ತಾನೆ. ತಾಯಿ ಆರತಿ ಹಿಡಿದು ಓಡಿ ಬರುತ್ತಾಳೆ. ಕುಟುಂಬದವರೆಲ್ಲ ಅಳುತ್ತಾರೆ. 'ಒಳಗೆ ಬಾ ಮಗನೇ' ಎಂದು ತಾಯಿ ಕರೆಯುತ್ತಾಳೆ. ಅವನು ಹೊಸ್ತಿಲಿಗೆ ನಮಸ್ಕರಿಸಿ ಒಳಗೆ ಹೋಗುತ್ತಾನೆ.

"ನಾನು ಎಲ್ಲಿದ್ದೇನೆ?" ಎಂದಳು ಕಾಂತಕ್ಕ.

"ನೀವೂ ಇರ್ತೀರಮ್ಮಾ. ಒಳಗೆ ಕಂಬಕ್ಕೆ ಒರಗಿಕೊಂಡು, ಬಿಳಿ ಸೀರೇಲಿ. ಗಂಡನ್ನ ನೋಡಿದ ತಕ್ಷಣ ಪ್ರಜ್ಞೆ ತಪ್ಪಿ ಬೀಳ್ತೀರಾ."

ಸಾತ್ವಿಕಾ ಕಾಫಿಯ ತಟ್ಟೆಯನ್ನು ಮೆಲ್ಲಗೆ ಅಜ್ಜಿಯ ಕೈಗೆ ಎಟುಕದಷ್ಟು ದೂರ ಸರಿಸಿದಳು.

"ನಾನು ಜನ್ಮದಲ್ಲಿ ಪ್ರಜ್ಞೆ ತಪ್ಪಿದವಳಲ್ಲ," ಎಂದಳು ಕಾಂತಕ್ಕ. ಸ್ವರ ಏರಲಿಲ್ಲ, ಏರದಿದ್ದಾಗಲೇ ಅವಳಿಗೆ ಹೆದರಬೇಕು. "ಬಿಳಿ ಸೀರೆ ಉಟ್ಟವಳೂ ಅಲ್ಲ. ಆ ಮನೆಯ ಕಂಬ ಯಾವ ಬಣ್ಣ ಅಂತ ಸಹ ನನಗೆ ಗೊತ್ತಿಲ್ಲ. ಶಿಶಿರಾ, ನೀನು ಇವರಿಗೆ ಎಂತ ಕಥೆ ಹೇಳಿದ್ದು?"

ಶಿಶಿರ್ ಕುತ್ತಿಗೆ ಕೆರೆದುಕೊಂಡ. "ಅತ್ತೆ, ಹಳತೆಲ್ಲ ಈಗ ಎಂತಕ್ಕೆ? ಅವರೆಲ್ಲ ತೀರಿಹೋದರು. ನಮ್ಮ ಮನೆಯ ಮರ್ಯಾದೆ ಅಂತ ಒಂದು ಉಂಟಲ್ಲ. ಟೀವಿಯಲ್ಲಿ ಊರೆಲ್ಲ ನೋಡುದು."

"ನನ್ನ ಮರ್ಯಾದೆ?"

ಶಿಶಿರ್ ಕಾಫಿಯ ಲೋಟಕ್ಕೆ ಕೈ ಹಾಕಿದ.

ಇಲ್ಲಿ ನಮ್ಮ ಕಡೆಯ ಒಂದು ಕ್ರಮ ಹೇಳಬೇಕು, ಇಲ್ಲದಿದ್ದರೆ ಕಾಂತಕ್ಕನ ಸಿಟ್ಟಿಗೆ ತಲೆಬುಡ ಸಿಗುವುದಿಲ್ಲ. ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಬೊಜ್ಜದ ದಿನ ಹೊತ್ತು ಕಂತಿದ ಮೇಲೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಮನೆಯವರು ಅಂಗಳಕ್ಕೆ ಮುಖ ಮಾಡಿ ನಿಂತು ಹೆಸರು ಹಿಡಿದು 'ಒಳಗೆ ಬಾ' ಎಂದು ಕರೆಯುತ್ತಾರೆ. ಕರೆದ ಮೇಲೆ ಅವನು ಮನೆಯ ಹಿರಿಯರ ಸಾಲಿಗೆ ಸೇರಿದ ಎಂದು ಲೆಕ್ಕ. ಆಮೇಲೆ ವರ್ಷಕ್ಕೊಮ್ಮೆ ಹಿರಿಯರಿಗೆಲ್ಲ ಎಲೆ ಹಾಕುವಾಗ ಅವನಿಗೂ ಪಾಲು. ಒಳಗೆ ಕರೆಯುವ ಕ್ರಮ ಉಂಟು. ಕರೆದವನನ್ನು ಮತ್ತೆ ಬದುಕಿದವರ ಕಡೆಗೆ ಕಳಿಸುವ ಕ್ರಮ ಯಾರಿಗೂ ಗೊತ್ತಿಲ್ಲ.

ಯುದ್ಧದ ವರ್ಷ ಬೇಸಗೆಯಲ್ಲಿ ಸುಬ್ಬಯ್ಯನಿಗೂ ಕಾಂತಿಗೂ ಮದುವೆಯಾಯಿತು. ಹೆಂಡತಿ ತಾಯಿಮನೆಯಲ್ಲೇ ಇದ್ದು ಗಂಡ ಬಂದು ಹೋಗುವುದು ನಮ್ಮ ಕಡೆ ಹೊಸತೇನಲ್ಲ. ಕಾಂತಿ ವೇಣೂರಿನಲ್ಲೇ ಇದ್ದಳು. ರಜೆ ಮುಗಿಸಿ ಹೋದ ಹುಡುಗ ಡಿಸೆಂಬರಿನಲ್ಲಿ ಯುದ್ಧಕ್ಕೆ ಸಿಕ್ಕಿದ. ಮೊದಲು ಕಾಣೆಯಾಗಿದ್ದಾನೆ ಎಂದು ತಂತಿ ಬಂತು. ಆಮೇಲೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಕೊನೆಗೆ, ಅವನ ತುಕಡಿಯಲ್ಲಿ ಯಾರೂ ಉಳಿಯಲಿಲ್ಲವಂತೆ ಎಂದು ಯಾರೋ ಹೇಳಿದ್ದನ್ನು ಯಾರೋ ತಂದು ಮುಟ್ಟಿಸಿದರು. ಸಿದ್ಧಕಟ್ಟೆಯ ಮನೆಯ ಯಜಮಾನಿಕೆ ಆಗ ಸುಬ್ಬಯ್ಯನ ಸೋದರಮಾವನದ್ದು. ಬೊಜ್ಜ ಆಗದೆ ಬಿಟ್ಟರೆ ಹುಡುಗ ಅಲ್ಲೂ ಅಲ್ಲ ಇಲ್ಲೂ ಅಲ್ಲ ಎಂದು ಅಲೆಯುತ್ತಾನೆ, ಮನೆಗೂ ಒಳ್ಳೆಯದಲ್ಲ ಎಂದು ಅವರು ದಿನ ನಿಶ್ಚಯ ಮಾಡಿದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಪ್ರೀತಿಯಿಂದಲೇ ಮಾಡಿದ್ದು. ಅದೇ ಕಷ್ಟ.

ಕಾಂತಿಯನ್ನು ಕರೆದುಕೊಂಡು ಹೋಗಲು ಮೂವರು ಹಿರಿಯರು ವೇಣೂರಿಗೆ ಬಂದರು. ಎಲೆಗೆ ಮೊದಲ ತುತ್ತು ಅವಳೇ ಬಡಿಸಬೇಕು, ಅವಳೂ ಕರೆಯಬೇಕು.

"ಹೆಣ ತೋರಿಸಿ, ಬರ್ತೇನೆ," ಎಂದಳು ಹತ್ತೊಂಬತ್ತರ ಕಾಂತಿ.

ಅಪ್ಪ ಗದರಿದರು, ಅಮ್ಮ ಅತ್ತರು. ಕರಿಮಣಿಗೆ ಕೈ ಹಾಕಲು ಬಂದ ಚಿಕ್ಕಮ್ಮನ ಕೈಯನ್ನು ಕಾಂತಿ ಕಚ್ಚಿದಳು ಎಂದು ಕೆಲವರು ಹೇಳುತ್ತಾರೆ. ಕಚ್ಚಲಿಲ್ಲ, ಕಚ್ಚುವ ಹಾಗೆ ನೋಡಿದೆ ಎನ್ನುತ್ತಾಳೆ ಕಾಂತಕ್ಕ. ಬೊಜ್ಜದ ದಿನ ಸಿದ್ಧಕಟ್ಟೆಯಲ್ಲಿ ಎಲೆ ಬೀಳುವಾಗ ಇವಳು ಮಲ್ಲಿಗೆ ಮುಡಿದು, ಹಸಿರು ಸೀರೆ ಉಟ್ಟು, ವೇಣೂರು ಪೇಟೆಯ ನಡುವೆ ನಡೆದು ಹೋಗಿ ಅಕ್ಕಿ ತಂದಳು. ಅಂಗಡಿಯಲ್ಲಿದ್ದವರು ತಲೆ ತಗ್ಗಿಸಿದರು. ತಲೆ ಕೆಟ್ಟಿದೆ ಎಂದರು. ಗಂಡನ ಆತ್ಮಕ್ಕೆ ಒಂದು ತುತ್ತು ಹಾಕದ ಹೆಣ್ಣು ಎಂದರು. ಅವಳು ಅಕ್ಕಿಯ ಚೀಲ ಸೊಂಟಕ್ಕಿಟ್ಟು ಬಂದ ದಾರಿಯಲ್ಲೇ ವಾಪಸು ನಡೆದಳು.

ಅದಾಗಿ ಕೆಲವು ತಿಂಗಳಿಗೆ ಸುಬ್ಬಯ್ಯ ಬಂದ.

ಬಂದದ್ದು ಮೊದಲು ಸಿದ್ಧಕಟ್ಟೆಗೇ. ಮೂಳೆ ಚಕ್ಕಳ ಆಗಿದ್ದ ಅವನನ್ನು ಅಂಗಳದಲ್ಲಿ ಮೊದಲು ಕಂಡವಳು ಹದಿನಾಲ್ಕರ ತಂಗಿ. ಕಂಡವಳೇ ಕಿರುಚಿ ಒಳಗೆ ಓಡಿದಳು. ಯಜಮಾನರು ಜಗಲಿಗೆ ಬಂದು, ಕೈ ಅಡ್ಡ ಹಿಡಿದು, ಅಲ್ಲೇ ನಿಲ್ಲು ಎಂದರು. ಮುಟ್ಟಿ ನೋಡಿದರು, ಅತ್ತರು, ನೀರು ಕೊಟ್ಟರು. ಒಳಗೆ ಬಾ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಆ ಮನೆಯ ಪ್ರತಿಯೊಬ್ಬರೂ ಅವನನ್ನು ಹಾಗೆ ಒಮ್ಮೆ ಕರೆದಾಗಿತ್ತು, ಸತ್ತವನೆಂದು ಕರೆದಾಗಿತ್ತು. ಹೆತ್ತವಳು ಒಳಗಿನ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಾಯಿ ತೆರೆದರೆ ಅದೇ ಮಾತು ಬಂದೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಪುರೋಹಿತರನ್ನು ಕೇಳಿ ಶುದ್ಧ ಮಾಡಿಸುವ, ಅಲ್ಲಿಯವರೆಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿರು ಎಂದರು ಯಜಮಾನರು.

"ಯಾವ ತಪ್ಪಿಗೆ ಶುದ್ಧ?" ಎಂದು ಕೇಳಿದ ಸುಬ್ಬಯ್ಯ. "ಸಾಯದ ತಪ್ಪಿಗಾ?"

ಪೆಟ್ಟಿಗೆ ಎತ್ತಿ ಹೆಗಲಿಗಿಟ್ಟು ವೇಣೂರಿಗೆ ನಡೆದ. ಕಾಂತಿ ಹಟ್ಟಿಯಲ್ಲಿ ಹುಲ್ಲು ಹಾಕುತ್ತಿದ್ದಳು. ತಿರುಗಿ ನೋಡಿ, ಕಾಲು ತೊಳೀರಿ, ಗಂಜಿ ಆಗಿದೆ ಎಂದಳು. ಇಷ್ಟೇ ಹೇಳಿದ್ದು ಎಂದು ಅವಳು ಕಥೆ ಮುಗಿಸುವಾಗ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಅವಳ ಮೂಗು ಮಾತ್ರ ಇನ್ನಷ್ಟು ಮೇಲೇರುತ್ತದೆ. ಇಡೀ ಲೋಕ ನನ್ನ ಗಂಡನನ್ನು ಕೊಂದಿತು, ನಾನೊಬ್ಬಳು ಕೊಲ್ಲಲಿಲ್ಲ ಎನ್ನುವ ಹೆಮ್ಮೆ. ಅದನ್ನು ಅವಳಿಂದ ಕಿತ್ತು, ಬಿಳಿ ಸೀರೆ ಉಡಿಸಿ, ಕಂಬಕ್ಕೆ ಒರಗಿಸಲು ಬಂದಿದ್ದ ಈ ತರುಣ್.

"ನನ್ನ ಕಥೆ ಹೇಳುದಾದ್ರೆ ಸರಿ ಹೇಳಿ. ಇಲ್ಲದಿದ್ರೆ ಬೇಡ. ಕಾಫಿ ಕುಡಿದು ಹೊರಡಿ," ಎಂದಳು.

ತರುಣ್ ಶಿಶಿರನ ಮುಖ ನೋಡಿದ. ಶಿಶಿರ್ ಮಾವನ ಮುಖ ನೋಡಿದ. ಅಷ್ಟು ಹೊತ್ತು ಜಗಲಿಯ ಕಂಬ ನೋಡುತ್ತ ಕೂತಿದ್ದ ಸುಬ್ಬಯ್ಯ ಶೆಟ್ಟರು ಆಗ ಬಾಯಿ ಬಿಟ್ಟರು.

"ಶೂಟಿಂಗ್ ಯಾವಾಗ?"

"ಬುಧವಾರ ಮಾವ. ನೀವು ಒಮ್ಮೆ ಬಂದು, ಹೇಗೆ ನಡೆದು ಬಂದದ್ದು ಅಂತ ಆ ಹೀರೋಗೆ ತೋರಿಸಿಕೊಟ್ಟರೆ ಸಾಕು."

"ಬರ್ತೇನೆ," ಎಂದರು ಶೆಟ್ಟರು.

ಬಂದವರು ಹೋಗುವವರೆಗೆ ಕಾಂತಕ್ಕ ಹಲ್ಲು ಕಚ್ಚಿ ಕೂತಳು. ಹೋದ ಮೇಲೆ ಅಡುಗೆಮನೆಗೆ ನುಗ್ಗಿದಳು. ಅಂದು ಆ ಮನೆಯ ಪಾತ್ರೆಗಳು ಪಟ್ಟ ಪಾಡು ಬೇಡ. ಸಾತ್ವಿಕಾ ಬುದ್ಧಿವಂತೆ, ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಿಲು ಸೇರಿದಳು.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಕಾಂತಕ್ಕನೇ ತೆಗೆದಳು.

"ಟೀವಿಯಲ್ಲಿ ಮುಖ ಬರುದು ಅಂದ್ರೆ ಇಷ್ಟು ಆಸೆಯಾ ನಿಮಗೆ?"

"ಟೀವಿ ಅಲ್ಲ." ಶೆಟ್ಟರು ಅನ್ನವನ್ನು ಸಾರಿನಲ್ಲಿ ಕಲೆಸುತ್ತಲೇ ಇದ್ದರು. "ಅಮ್ಮನ ಕೋಣೆ ಒಮ್ಮೆ ನೋಡ್ಬೇಕು ಕಾಂತಿ. ಬಾಗಿಲು ದಾಟಿದ್ರೆ ಎಡಕ್ಕೆ. ನಾನು ಹುಟ್ಟಿದ ಕೋಣೆ ಅದು. ಅಲ್ಲಿ ಸೆರೆಯಲ್ಲಿ ಕಣ್ಣು ಮುಚ್ಚಿದ್ರೆ ಎರಡೇ ಕಾಣ್ತಿತ್ತು. ಒಂದು ನೀನು. ಇನ್ನೊಂದು ಆ ಕೋಣೆ. ನೀನು ಸಿಕ್ಕಿದೆ."

ಕಾಂತಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಇಷ್ಟು ವರ್ಷ ಹೇಳ್ಲಿಲ್ಲ ಎಂತಕ್ಕೆ?"

"ನೀನು ಹಠ ಹಿಡಿದದ್ದು ನನಗೋಸ್ಕರ. ಊರಿಗೂರೇ ಉಗಿದ್ರೂ ಬಿಡ್ಲಿಲ್ಲ. ನಾನು ಹೋಗಿ ಆ ಮನೆಯಲ್ಲಿ ಕೂತ್ರೆ ನಿನ್ನನ್ನು ಸೋಲಿಸಿದ ಹಾಗೆ ಆಗ್ತಿತ್ತು."

"ಮತ್ತೆ ಈಗ? ಶುದ್ಧ ಮಾಡಿಸಿಕೊಂಡು ಹೋಗ್ತೀರಾ?"

"ಅದು ಮಾತ್ರ ಆಗ್ಲಿಕ್ಕಿಲ್ಲ. ತಪ್ಪು ಮಾಡ್ಲಿಲ್ಲ ನಾನು."

"ಹಾಗಾದ್ರೆ ಒಳಗೆ ಹೋಗುದು ಹೇಗೆ?"

"ಗೊತ್ತಿಲ್ಲ. ಅಂಗಳದವರೆಗೆ ಹೋಗಿ ನೋಡುದು," ಎಂದು ಶೆಟ್ಟರು ಮಜ್ಜಿಗೆಗೆ ಕೈ ಚಾಚಿದರು.

ಗಂಡನಿಗೆ ಆ ಕೋಣೆ ಬೇಕು ಎನ್ನುವುದು ಎರಡು ದಿನ ಕಾಂತಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಆದರೆ ಅವರು ಕ್ಯಾಮರಾದ ಎದುರು ಆ ಬಾಗಿಲು ದಾಟಿದರೆ ಟೀವಿ ಹೇಳುವ ಸುಳ್ಳಿಗೆ ಅವರೇ ಸಾಕ್ಷಿಯಾದ ಹಾಗೆ. ಆ ಮನೆಯವರು ಆರತಿ ಎತ್ತಿ ಬರಮಾಡಿಕೊಂಡರು, ಹೆಂಡತಿ ಬಿಳಿ ಸೀರೆಯಲ್ಲಿ ಬಿದ್ದಿದ್ದಳು ಎಂದು ಮೊಮ್ಮಕ್ಕಳ ಮಕ್ಕಳು ಸಹ ನಂಬುತ್ತಾರೆ. ಹೋಗಿ ಎನ್ನಲಿಕ್ಕೂ ಬಾಯಿ ಬರಲಿಲ್ಲ, ಹೋಗಬೇಡಿ ಎನ್ನಲಿಕ್ಕೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಅವಳೇ ಪೆಟ್ಟಿಗೆಯಿಂದ ಗಂಡನ ಪದಕಗಳನ್ನು ತೆಗೆದು ಸೆರಗಿನಲ್ಲಿ ಒರಸಿ, ಅಂಗಿಗೆ ಚುಚ್ಚಿ ಕೊಟ್ಟಳು. ತಾನೂ ಒಳ್ಳೆಯ ಸೀರೆ ಉಟ್ಟು ಸಾತ್ವಿಕಾಳ ಕಾರಿನಲ್ಲಿ ಹಿಂದೆ ಕೂತಳು.

"ನಾನು ಅಂಗಳಕ್ಕೂ ಬರುದಿಲ್ಲ. ಗೇಟಿನ ಹತ್ತಿರ ಕೂತುಕೊಳ್ತೇನೆ," ಎಂದು ಸಾತ್ವಿಕಾಳಿಗೆ ಹೇಳಿದಳು. ಹೇಳಿದ್ದು ಗಂಡನಿಗೆ ಕೇಳಲೆಂದು.

ಸಿದ್ಧಕಟ್ಟೆಯ ಮನೆಯಲ್ಲಿ ಜಾತ್ರೆಯಷ್ಟು ಗದ್ದಲ. ಅಂಗಳದ ತುಂಬ ವಯರು, ಜನರೇಟರಿನ ಸದ್ದು, ಬೆಳಕು ಹೊಡೆಯುವ ಬಿಳಿ ಹಲಗೆಗಳು. ಹೀರೋ ಮನ್ವಿತ್ ಎಂಬ ಹುಡುಗ. ಮುಖಕ್ಕೆ ಮಣ್ಣು ಬಳಿದುಕೊಂಡು, ಹರಿದ ಸಮವಸ್ತ್ರದಲ್ಲಿ ಎಳನೀರು ಕುಡಿಯುತ್ತಿದ್ದ. ತಾಯಿಯ ಪಾತ್ರದವಳು ಕೂದಲಿಗೆ ಬಿಳಿ ಹಚ್ಚಿಸಿಕೊಳ್ಳುತ್ತಿದ್ದಳು. ಕಾಂತಕ್ಕನ ಪಾತ್ರದ ಹುಡುಗಿ ಬಿಳಿ ಸೀರೆಯಲ್ಲಿ ಮೊಬೈಲು ಒತ್ತುತ್ತಿದ್ದಳು. ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತ ಕಾಂತಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಗಾ, ಆ ಸೀರೆ ನಿನಗೂ ಚಂದ ಕಾಣುದಿಲ್ಲ," ಎಂದಳು. ಹುಡುಗಿ ಪಾಪ, ಥ್ಯಾಂಕ್ಸ್ ಎನ್ನಬೇಕೋ ಬೇಡವೋ ಗೊತ್ತಾಗದೆ ನಕ್ಕಳು.

ತರುಣ್ ಎಲ್ಲರನ್ನೂ ಸುಮ್ಮನಿರಿಸಿದ. "ಮನ್ವಿತ್, ಸರ್ ನಡೆಯೋದನ್ನ ಸರಿಯಾಗಿ ನೋಡ್ಕೊಳ್ಳಿ. ಸರ್, ಗೇಟಿನಿಂದ ಬನ್ನಿ. ಅಂಗಳ ದಾಟಿ, ಮೆಟ್ಟಿಲು ಹತ್ತಿ, ಸೀದಾ ಒಳಗೆ. ಆರಾಮಾಗಿ."

ಸುಬ್ಬಯ್ಯ ಶೆಟ್ಟರು ಊರುಗೋಲನ್ನು ಸಾತ್ವಿಕಾಳ ಕೈಗೆ ಕೊಟ್ಟರು. ಬೆನ್ನು ನೆಟ್ಟಗೆ ಮಾಡಿದರು. ನಡೆದರು. ಕಾಂತಕ್ಕನಿಗೆ ಆ ನಡಿಗೆ ಗೊತ್ತು, ಪೆಟ್ಟಿಗೆ ಹೆಗಲಿಗಿಟ್ಟು ತನ್ನ ಹಟ್ಟಿಯ ಹತ್ತಿರ ಬಂದಾಗ ನೋಡಿದ್ದಳು. ಮೊಣಕಾಲು ನೋವು ಎಂದು ರಾತ್ರಿಯಿಡೀ ಎಣ್ಣೆ ತಿಕ್ಕಿಸಿಕೊಳ್ಳುವ ಮುದುಕನಲ್ಲ ಇದು. ಅಂಗಳದ ನಡುವೆ ಬಂದು ಶೆಟ್ಟರು ನಿಂತರು.

"ಹಾಗೇ ಒಳಗೆ ಹೋಗಿ ಸರ್," ಎಂದ ತರುಣ್.

ಶೆಟ್ಟರು ಹೋಗಲಿಲ್ಲ.

ತಾಯಿಯ ಪಾತ್ರದವಳು ಇದೂ ತಾಲೀಮಿನ ಭಾಗ ಎಂದುಕೊಂಡು ಆರತಿಯ ತಟ್ಟೆ ಹಿಡಿದು ಜಗಲಿಗೆ ಬಂದು, ಒಳಗೆ ಬಾ ಮಗನೇ ಎಂದು ಕಣ್ಣೀರು ತುಂಬಿ ಕರೆದಳು. ಚೆನ್ನಾಗಿಯೇ ಕರೆದಳು. ಶೆಟ್ಟರು ಅವಳಿಗೆ ಕೈ ಮುಗಿದರು, ಕದಲಲಿಲ್ಲ.

ಆಗ ಶಿಶಿರ್ ಮೆಟ್ಟಿಲಿಳಿದು ಬಂದ. "ಮಾವ, ಸಾಕು ಮಾವ. ನಾನು ಕರೀತಾ ಇದ್ದೇನಲ್ಲ. ಒಳಗೆ ಬನ್ನಿ."

"ನೀನು ವರ್ಷ ವರ್ಷ ಕರೀತೀಯಲ್ಲ ಶಿಶಿರಾ," ಎಂದರು ಶೆಟ್ಟರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಎಲೆ ಹಾಕಿ, ಹಿರಿಯರೆಲ್ಲ ಬನ್ನಿ ಅಂತ. ನಾನು ಆ ಸಾಲಿನಲ್ಲಿ ಇದ್ದೇನೆ. ನನ್ನನ್ನು ಅಲ್ಲಿಂದ ಯಾರು ತೆಗೆದಿದ್ದಾರೆ? ನಿನ್ನ ಬಾಯಲ್ಲಿ ನಾನು ಸತ್ತವನೇ."

ಶಿಶಿರ್ ಅಲ್ಲೇ ನಿಂತುಬಿಟ್ಟ. ಚಿಕ್ಕಂದಿನಿಂದ ತಾನು ಕರೆದದ್ದು ಯಾರನ್ನೆಲ್ಲ ಎಂದು ಅವನು ಯೋಚಿಸಿದವನೇ ಅಲ್ಲ. ಜನರೇಟರು ಯಾರೋ ನಿಲ್ಲಿಸಿದರು. ಅಷ್ಟು ಜನ ಸುತ್ತ ನಿಂತಿದ್ದರು, ಒಬ್ಬರಿಂದಲೂ ಆ ಮುದುಕನನ್ನು ಅಂಗಳದಿಂದ ಮೂರು ಮೆಟ್ಟಿಲು ಮೇಲೆ ತರಲಾಗಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಶೆಟ್ಟರ ಬಲಗಾಲು ನಡುಗಲು ಶುರುವಾದದ್ದನ್ನು ದೂರದಿಂದ ಒಬ್ಬಳೇ ಒಬ್ಬಳು ನೋಡಿದಳು.

ಕಾಂತಕ್ಕನಿಗೆ ಆಗ ಹೊಳೆಯಿತು. ಅವತ್ತು ಕರೆದವರೆಲ್ಲ ಸತ್ತಿದ್ದಾರೆ. ಇಂದು ಈ ಮನೆಯಲ್ಲಿ ಇರುವವರೂ ವರ್ಷ ವರ್ಷ ಎಲೆ ಹಾಕಿ ಕರೆದವರೇ. ಈ ಮನುಷ್ಯನನ್ನು ಸತ್ತವನೆಂದು ಕರೆ ಎಂದರೂ ಕರೆಯದ ಬಾಯಿ ಈ ಅಂಗಳದಲ್ಲಿ ಒಂದೇ ಉಂಟು. ಇಷ್ಟು ವರ್ಷ ಆ ಬಾಯಿಯನ್ನು ಅವಳು ಊರಿಗೆಲ್ಲ ಕಥೆ ಹೇಳಲು ಬಳಸಿದ್ದಳು. ಸತ್ತವನೆಂದು ಕರೆಯದೆ ಅದನ್ನು ಉಳಿಸಿಕೊಂಡದ್ದು ಈ ಒಂದು ಕೆಲಸಕ್ಕಾಗಿ ಇರಬೇಕು.

ಎದ್ದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ವಯರುಗಳನ್ನು ದಾಟಿ, ಅಂಗಳಕ್ಕೆ ಬಂದಳು. ಗಂಡನ ಪಕ್ಕದಲ್ಲೇ ಹಾದು 'ಸ್ವಲ್ಪ ನಿಲ್ಲಿ' ಎಂದಷ್ಟೇ ಹೇಳಿ ಮುಂದೆ ಹೋದಳು. ಆರತಿಯವಳು ತಾನಾಗಿ ಪಕ್ಕಕ್ಕೆ ಸರಿದಳು. ಯಾರೂ ಕರೆಯದೆ, ಯಾರನ್ನೂ ಕೇಳದೆ, ಮದುಮಗಳಾಗಿದ್ದಾಗಲೂ ತುಳಿಯದ ಆ ಮನೆಯ ಹೊಸ್ತಿಲನ್ನು ಕಾಂತಕ್ಕ ದಾಟಿ ಒಳಗೆ ಹೋದಳು.

ಒಳಗೆ ಹೋಗಿ ಅಂಗಳಕ್ಕೆ ಮುಖ ಮಾಡಿ ನಿಂತಳು. ಕರೆಯಬೇಕಾದರೆ ಹೆಸರು ಹಿಡಿಯಬೇಕು. ಅವಳ ಪ್ರಾಯದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ; ಪಂಚಾಯತು ಕಚೇರಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುವವರು. ಕಾಂತಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸುಬ್ಬಯ್ಯ ಶೆಟ್ರೇ," ಎಂದಳು. ಸೊಸೈಟಿಯ ಸಭೆಯಲ್ಲಿ ಕೊನೆಯ ಸಾಲಿಗೆ ಕೇಳುತ್ತಿದ್ದ ಅದೇ ಸ್ವರ. "ನಿಮ್ಮ ಹೆಂಡತಿ ಕರೀತಾ ಇದ್ದೇನೆ. ಜೀವ ಇರುವವರನ್ನು ಕರೀತಾ ಇದ್ದೇನೆ. ಒಳಗೆ ಬನ್ನಿ."

ಸುಬ್ಬಯ್ಯ ಶೆಟ್ಟರು ತಲೆ ಎತ್ತಿ ಅವಳನ್ನು ನೋಡಿದರು. ಮದುವೆಯಾದಂದಿನಿಂದ ಅವರು ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಅದೇ ಮೊದಲು. ನೆಟ್ಟಗಿದ್ದ ಬೆನ್ನು ಹಾಗೇ ಇತ್ತು, ಕೆನ್ನೆ ಮಾತ್ರ ಒದ್ದೆಯಾಗಿತ್ತು. ಒಂದೊಂದೇ ಮೆಟ್ಟಿಲು ಹತ್ತಿದರು. ಹೊಸ್ತಿಲಲ್ಲಿ ಅವಳು ಕೈ ಚಾಚಿದಳು, ಅವರು ಹಿಡಿದುಕೊಂಡರು, ದಾಟಿದರು. ಯಾರೂ ದಾರಿ ತೋರಿಸಬೇಕಾಗಲಿಲ್ಲ. ಎಡಕ್ಕೆ ತಿರುಗಿ, ಗೋಡೆ ಸವರಿಕೊಂಡು, ಆ ಕೋಣೆಯ ಒಳಗೆ ಹೋದರು.

"ಅಮ್ಮಾ, ನಾನು ಬಂದೆ," ಎಂದದ್ದು ಕಾಂತಕ್ಕನಿಗೆ ಕೇಳಿಸಿತು. ಆಮೇಲೆ, ಅಷ್ಟು ವರ್ಷ ಸೆರೆಯ ಬಗ್ಗೆ ಬಾಯಿ ಬಿಡದ ಮನುಷ್ಯ ಮೆಲುದನಿಯಲ್ಲಿ ಏನೇನೋ ಹೇಳತೊಡಗಿದರು.

ಹೊರಗೆ ಎಲ್ಲರಿಗೂ ಒಮ್ಮೆಲೇ ಜೀವ ಬಂತು. ಬಿಳಿ ಸೀರೆಯ ಹುಡುಗಿ ನಿಜವಾಗಿ ಅಳುತ್ತಿದ್ದಳು. ಶಿಶಿರ್ ಕಣ್ಣೊರಸಿಕೊಂಡು ಮೆಟ್ಟಿಲು ಹತ್ತಿದ. ತರುಣ್ ಕ್ಯಾಮರಾದವನ ತೋಳು ಹಿಡಿದು ಎಳೆದುಕೊಂಡೇ ಓಡಿ ಬಂದ.

"ಅಮ್ಮಾ, ಕಥೆ ಇದೇ. ನಾನು ಬರೆದಿದ್ದೆಲ್ಲ ಹರಿದು ಹಾಕ್ತೀನಿ, ಬಿಳಿ ಸೀರೆ ಬೇಡ, ಆರತಿ ಬೇಡ, ನೀವು ಹೇಳಿದ ಹಾಗೇ ತೆಗೀತೀನಿ. ಈಗ ಒಳಗೆ ಬಿಡಿ, ಸರ್ ಮಾತಾಡ್ತಾ ಇರೋದು ಒಂದೇ ಒಂದು ಶಾಟ್..."

ಕಾಂತಕ್ಕ ಬಾಗಿಲಿನ ಎರಡೂ ಬದಿಗೆ ಕೈ ಕೊಟ್ಟು ಅಡ್ಡ ನಿಂತಿದ್ದಳು. ಅವಳ ಕಣ್ಣೂ ತುಂಬಿತ್ತು. ಅದನ್ನು ಒರಸಿಕೊಳ್ಳಲು ಸಹ ಅವಳು ಕೈ ತೆಗೆಯಲಿಲ್ಲ.

"ಅವರು ಅಮ್ಮನ ಹತ್ತಿರ ಮಾತಾಡ್ತಾ ಇದ್ದಾರೆ," ಎಂದಳು. "ಮುಗಿದ ಮೇಲೆ ನಾನೇ ಕರೀತೇನೆ. ಅಲ್ಲಿಯವರೆಗೆ ಎಲ್ಲರೂ ಅಂಗಳದಲ್ಲಿ ನಿಲ್ಲಿ. ಶಿಶಿರಾ, ನೀನು ಕೂಡ."